ಕೂಲರ್, ಎಸಿ, ಫ್ಯಾನ್ ಅಥವಾ ಮಾಳಿಗೆಗೆ ಸುಣ್ಣ: ಬಿಸಿಲ ನಾಡಿನ ಮನೆಗೆ ಯಾವುದು ಮೊದಲು?

ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಕಲಬುರಗಿಯ ಅಂಗಡಿಗಳ ಮುಂದೆ ಕೂಲರ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ನನ್ನ ಫೋನೂ ಆಗಲೇ ಶುರುವಾಗುತ್ತದೆ. "ಅಕ್ಕಾ, ಈ ಸಲ ಎಸಿ ಹಾಕಿಸಿಬಿಡ್ಲೇನು, ಇಲ್ಲಾ ಕೂಲರ್ ಸಾಕಾಗ್ತದೇನು?" ಈ ವರ್ಷ ಒಂದೇ ವಾರದಲ್ಲಿ ಮೂವರು ಇದನ್ನೇ ಕೇಳಿದರು. ಒಬ್ಬ ನನ್ನ ಸೋದರಮಾವನ ಮಗ, ಸೇಡಂನಲ್ಲಿ ಪತ್ರಾಸಿನ, ಅಂದರೆ ತಗಡಿನ ಮಾಳಿಗೆಯ, ಎರಡು ಕೋಣೆಯ ಮನೆಯಲ್ಲಿದ್ದಾನೆ. ಇನ್ನೊಬ್ಬಳು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಗೆಳತಿ, ಇಲ್ಲೇ ಕಲಬುರಗಿಯಲ್ಲಿ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿದ್ದಾಳೆ. ಮೂರನೆಯವಳು ರಾಯಚೂರಿನಲ್ಲಿ 78 ವರ್ಷದ ನಮ್ಮ ಚಿಗವ್ವನನ್ನು ನೋಡಿಕೊಳ್ಳುತ್ತಿರುವ ಅವರ ಮಗಳು. ಕೇಳಿದ ಪ್ರಶ್ನೆ ಒಂದೇ ಆದರೂ ಮೂವರಿಗೂ ನಾನು ಹೇಳಿದ ಉತ್ತರ ಬೇರೆ ಬೇರೆ. ಅದಕ್ಕೆ ಕಾರಣ ಹೇಳುತ್ತೇನೆ, ಓದಿದ ಮೇಲೆ ನಿಮ್ಮ ಮನೆಗೆ ಯಾವುದು ಬೇಕೆಂದು ನೀವೇ ಗೊತ್ತು ಮಾಡಿಕೊಳ್ಳಬಹುದು.

ಮೊದಲೇ ಒಂದು ಮಾತು. ಟಿವಿಯಲ್ಲಿ "ಬಿಸಿಗಾಳಿ" ಎಚ್ಚರಿಕೆ ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಮಾತ್ರ ಅದು ಬಿಸಿಗಾಳಿ. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು ಇರುವ ನಮ್ಮ ಊರಿನಲ್ಲಿ 43 ಡಿಗ್ರಿ ಬಿದ್ದರೂ ಆ ಹೆಸರು ಸಿಗದೇ ಹೋಗಬಹುದು. ಹೆಸರು ಸಿಗಲಿ ಬಿಡಲಿ, 43 ಡಿಗ್ರಿ ಮುದುಕರ ಮೈಗೆ 43 ಡಿಗ್ರಿಯೇ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು

ಯಾರೇ ಕೇಳಿದರೂ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ: ತಲೆಯ ಮೇಲೆ ಎಂಥ ಮಾಳಿಗೆ ಇದೆ? ಆರ್‌ಸಿಸಿಯೋ, ಪತ್ರಾಸೋ, ಶಹಾಬಾದ್ ಫರಸಿಯೋ, ಹಳೆಯ ಮಣ್ಣಿನ ಮಾಳಿಗೆಯೋ? ಮೇಲೆ ಇನ್ನೊಂದು ಅಂತಸ್ತು ಇದೆಯೋ, ಬಿಸಿಲು ನೇರ ನಿಮ್ಮ ಸ್ಲ್ಯಾಬಿನ ಮೇಲೇ ಬೀಳುತ್ತದೋ? ಮಿಕ್ಕ ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ.

ಎರಡನೆಯದು, ಮಧ್ಯಾಹ್ನ ಎರಡರಿಂದ ಆರರವರೆಗೆ ಮನೆಯಲ್ಲಿ ಯಾರಿರುತ್ತಾರೆ? ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ದಾರಿಯ ಬಿಸಿಲು ತಪ್ಪಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ ಇದು. ಆದರೆ ದಿನದ ಅತಿ ಕೆಟ್ಟ ಹೊತ್ತಿನಲ್ಲಿ ನೌಕರರೆಲ್ಲ ತಮ್ಮ ಮನೆಯ ಸ್ಲ್ಯಾಬಿನ ಕೆಳಗೆ ಬಂದು ಕೂಡುತ್ತಾರೆ ಎಂಬುದೂ ನಿಜ. ಎಳೆಗೂಸು, ಬಸುರಿ, ಬಾಣಂತಿ, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದವರು ಮನೆಯಲ್ಲಿದ್ದರೆ ಲೆಕ್ಕವೇ ಬೇರೆ. ವಯಸ್ಸಾದವರಿಗೆ ಬೆವರುವುದೂ ಕಡಿಮೆ, ನೀರಡಿಕೆ ತಿಳಿಯುವುದೂ ಕಡಿಮೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಬೇಸಿಗೆಗೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಬೇಕು. ಮಾತ್ರೆಯನ್ನು ತಾವೇ ಬಿಡುವಂತಿಲ್ಲ.

ಮೂರನೆಯದು ಕರೆಂಟು. ನಿಮ್ಮ ಓಣಿಯಲ್ಲಿ ಬೇಸಿಗೆಯಲ್ಲಿ ಎಷ್ಟು ಹೊತ್ತು ಹೋಗುತ್ತದೆ, ಯಾವಾಗ ಹೋಗುತ್ತದೆ? ನಾಲ್ಕನೆಯದು ನೀರು: ನಳ ದಿನಾ ಬರುತ್ತದೋ, ನಾಲ್ಕು ದಿನಕ್ಕೊಮ್ಮೆಯೋ? ದುಡ್ಡಿನ ಪ್ರಶ್ನೆ ಬರುವುದು ಕೊನೆಗೆ. ಅದರಲ್ಲೂ ಕೊಳ್ಳುವ ದುಡ್ಡು ಬೇರೆ, ತಿಂಗಳ ಬಿಲ್ಲು ಬೇರೆ. ಬಾಡಿಗೆ ಮನೆಯಾದರೆ ಬಿಟ್ಟು ಹೋಗುವಾಗ ಏನು ಜೊತೆಗೆ ಬರುತ್ತದೆ ಎಂಬುದೂ ಈ ಲೆಕ್ಕಕ್ಕೆ ಸೇರಿದ್ದು.

ಮಾಳಿಗೆಗೆ ಬಿಳಿ ಬಣ್ಣ

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನೇರ ಬಿಸಿಲು ಬೀಳುವ ಮಾಳಿಗೆ ನಿಮ್ಮದಾಗಿದ್ದರೆ ಮೊದಲ ರೂಪಾಯಿ ಅಲ್ಲಿಗೇ ಹೋಗಬೇಕು. ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು, ಆ ಕಾವನ್ನು ನಿಧಾನವಾಗಿ ಕೆಳಗೆ ಇಳಿಸುತ್ತದೆ. ಮೇಲೆ ಮಧ್ಯಾಹ್ನ ಬಿದ್ದ ಬಿಸಿಲು ಒಳಗಿನ ಛತ್ತಿಗೆ ತಲುಪುವ ಹೊತ್ತಿಗೆ ಸಂಜೆಯಾಗಿರುತ್ತದೆ. ಹೊರಗೆ ಗಾಳಿ ತಣ್ಣಗಾದ ಮೇಲೂ ರಾತ್ರಿ ಹತ್ತಕ್ಕೆ ಫ್ಯಾನು ಬೆಂಕಿ ಗಾಳಿ ಹಾಕುವುದು ಇದಕ್ಕೇ. ಫ್ಯಾನಿನದು ಏನೂ ತಪ್ಪಿಲ್ಲ, ಛತ್ತಿನ ಕೆಳಗೆ ನಿಂತ ಕಾದ ಗಾಳಿಯನ್ನೇ ಅದು ನಮ್ಮ ಮೇಲೆ ಇಳಿಸುತ್ತಿರುತ್ತದೆ.

ಬಿಳಿ ಮೇಲ್ಮೈ ಬಿಸಿಲಿನ ಹೆಚ್ಚಿನ ಪಾಲನ್ನು ವಾಪಸು ಕಳಿಸುತ್ತದೆ. ಇದರಿಂದ ಒಳಗಿನ ಉಷ್ಣಾಂಶ ಮನೆಯ ರೀತಿ ನೋಡಿಕೊಂಡು ಸುಮಾರು 2ರಿಂದ 5 ಡಿಗ್ರಿವರೆಗೆ ಇಳಿಯುತ್ತದೆ. ಎರಡು ಡಿಗ್ರಿ ಕೇಳಲಿಕ್ಕೆ ಸಣ್ಣದು, ಆದರೆ ನಿದ್ದೆ ಬರುವ ರಾತ್ರಿಗೂ ಬಾರದ ರಾತ್ರಿಗೂ ಇರುವ ಅಂತರ ಅಷ್ಟೇ. 2010ರ ಮೇ ತಿಂಗಳ ಭೀಕರ ಬಿಸಿಲಿನಲ್ಲಿ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದ್, 2013ರಲ್ಲಿ ಬಿಸಿಲು ಎದುರಿಸುವ ಯೋಜನೆ ಮಾಡಿಕೊಂಡಿತು. ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಳಿಸುವುದನ್ನೂ ಅದಕ್ಕೆ ಸೇರಿಸಿಕೊಂಡಿತು. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿದೆ. ಅಲ್ಲಿಯ ಬಿಸಿಲೂ ನಮ್ಮ ಬಿಸಿಲೂ ಒಂದೇ.

ಇದರಲ್ಲಿ ಎರಡು ದಾರಿ. ಒಂದು ಹಳೆಯ ಸುಣ್ಣ. ಸುಣ್ಣದ ಕಲ್ಲನ್ನು ರಾತ್ರಿಯಿಡೀ ನೆನೆಸಿ, ಸೋಸಿ, ಹಿಡಿದು ನಿಲ್ಲಲು ಸ್ವಲ್ಪ ಅಂಟು ಬೆರೆಸಿ, ತೊಳೆದು ಒಣಗಿಸಿದ ಮಾಳಿಗೆಯ ಮೇಲೆ ಎರಡು ಕೈ ಬಳಿಯುವುದು. ಸಣ್ಣ ಮನೆಗೆ ಸಾಮಾನು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಮಳೆಗಾಲದಲ್ಲಿ ತೊಳೆದು ಹೋಗುತ್ತದೆ, ಹಾಗಾಗಿ ವರ್ಷವರ್ಷವೂ ಯುಗಾದಿಗೆ ಮೊದಲು ಬಳಿಯಬೇಕು. ಸುಣ್ಣ ಕುದಿಯುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಬಳಿಯುವವರು ಕನ್ನಡಕ ಹಾಕಿಕೊಳ್ಳಲೇಬೇಕು.

ಇನ್ನೊಂದು ದಾರಿ ಬಿಸಿಲು ಪ್ರತಿಫಲಿಸುವ ಪೇಂಟ್. ಕೂಲಿ ಸೇರಿ ಚದರ ಅಡಿಗೆ ಸುಮಾರು 20ರಿಂದ 40 ರೂಪಾಯಿ ಬೀಳುತ್ತದೆ, ಚೆನ್ನಾಗಿ ಹಚ್ಚಿದರೆ ಮೂರು ನಾಲ್ಕು ವರ್ಷ ಬರುತ್ತದೆ, ಸೋರುವ ಸಣ್ಣ ಬಿರುಕುಗಳೂ ಮುಚ್ಚಿಕೊಳ್ಳುತ್ತವೆ. ಸ್ವಂತ ಮನೆ ಇದ್ದು, ವರ್ಷಕ್ಕೊಮ್ಮೆ ಮಾಳಿಗೆ ಹತ್ತಿ ಸುಣ್ಣ ಬಳಿಯುವವರು ಯಾರೂ ಇಲ್ಲದಿದ್ದರೆ ಪೇಂಟ್ ಸರಿ. ಉಳಿದವರಿಗೆ ಸುಣ್ಣ ಸಾಕು. ಯಾವುದೇ ಆದರೂ ಧೂಳು ಕೂತರೆ ಗುಣ ಇಳಿಯುತ್ತದೆ, ಹದಿನೈದು ದಿನಕ್ಕೊಮ್ಮೆ ಗುಡಿಸಿ.

ಪತ್ರಾಸಿನ ಮನೆಯ ಸ್ವಭಾವ ತಿರುವುಮುರುವು. ತಗಡು ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ, ಹೊತ್ತು ಮುಳುಗಿದ ಮೇಲೆ ಬೇಗ ತಣಿಯುತ್ತದೆ. ಅಂದರೆ ಅಲ್ಲಿ ರಾತ್ರಿಗಿಂತ ಮಧ್ಯಾಹ್ನ ಅಪಾಯ. ಮೇಲೆ ಬಿಳಿ ಬಣ್ಣ, ಒಳಗೆ ತಗಡಿಗೆ ತಾಗದಂತೆ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ, ಇವೆರಡೂ ಸೇರಿದರೆ ಒಳ್ಳೆಯ ಫಲ. ಅಡುಗೆ ಒಲೆಯ ಮೇಲ್ಭಾಗದಲ್ಲಿ ಮಾತ್ರ ತಟ್ಟಿಯಾಗಲಿ, ಥರ್ಮಾಕೋಲ್ ಆಗಲಿ ಬೇಡ, ಬೆಂಕಿ ಹಿಡಿಯುತ್ತದೆ. ಮಣ್ಣಿನ ಮಾಳಿಗೆ ಇದ್ದವರಿಗೆ ನನ್ನ ಕಳಕಳಿಯ ಮಾತು: ಅದನ್ನು ಕೆಡವಿ ಪತ್ರಾಸು ಹಾಕಿಸಬೇಡಿ. ಆ ದಪ್ಪ ಮಣ್ಣು ಹಗಲ ಕಾವನ್ನು ಒಳಗೆ ಬಿಡುವುದೇ ಇಲ್ಲ. ಸೋರುತ್ತಿದ್ದರೆ ದುರಸ್ತಿ ಮಾಡಿಸಿ.

ಫ್ಯಾನು ಎಲ್ಲಿಯವರೆಗೆ ಸಾಕು?

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸಿ ಮೈಯನ್ನು ತಂಪು ಮಾಡುತ್ತದೆ. ನಮ್ಮ ಚರ್ಮದ ಉಷ್ಣಾಂಶ 35 ಡಿಗ್ರಿ ಆಸುಪಾಸು. ಕೋಣೆಯ ಗಾಳಿ ಅದಕ್ಕಿಂತ ತಣ್ಣಗಿರುವವರೆಗೆ ಫ್ಯಾನಿನಷ್ಟು ಅಗ್ಗದ ಸುಖ ಬೇರೆ ಇಲ್ಲ. ಗಾಳಿ 40 ದಾಟಿದ ಮೇಲೆ ಫ್ಯಾನು ಮೈಗೆ ಕಾವನ್ನೇ ತುಂಬುತ್ತದೆ, ಆಗ ಅದನ್ನು ನಂಬಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯಾಗಿ ಬೆವರದ ಮುದುಕರಿಗೆ ಇದು ಇನ್ನೂ ಅಪಾಯ. ಆ ಹೊತ್ತಿನಲ್ಲಿ ಬೇರೇನೂ ಇಲ್ಲದಿದ್ದರೆ ತೋಳು, ಕುತ್ತಿಗೆ, ಕಾಲುಗಳನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸುತ್ತ ಫ್ಯಾನು ಹಾಕಿ. ಬೆವರು ಮಾಡಬೇಕಾದ ಕೆಲಸವನ್ನು ಆಗ ಆ ನೀರು ಮಾಡುತ್ತದೆ.

ಹೊಸ ಫ್ಯಾನು ಕೊಳ್ಳುವುದಾದರೆ ಬಿಎಲ್‌ಡಿಸಿ ಫ್ಯಾನನ್ನೇ ಕೊಳ್ಳಿ, ಅಂದರೆ ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟಾರಿನದು. ಹಳೆಯದು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ದಿನಕ್ಕೆ 18 ಗಂಟೆ ತಿರುಗಿದರೆ ತಿಂಗಳಿಗೆ 40 ಯೂನಿಟ್ ಆಗುವ ಕಡೆ 16 ಯೂನಿಟ್. ಸಾವಿರದೈನೂರು ರೂಪಾಯಿ ಹೆಚ್ಚು ಕೊಡಬೇಕಾಗಬಹುದು. ಆದರೆ ಕರೆಂಟು ಹೋದಾಗ ಮನೆಯ ಇನ್ವರ್ಟರ್ ಮೇಲೆ ಇದು ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ತಿರುಗುತ್ತದೆ. ನಮ್ಮ ಕಡೆ ಇದೇ ದೊಡ್ಡ ಲಾಭ.

ಕೂಲರ್

ಒಣ ಬಿಸಿಲಿನ ಊರಿಗೆ ಕೂಲರ್ ಹೇಳಿ ಮಾಡಿಸಿದ ಯಂತ್ರ. ಏಪ್ರಿಲ್ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ 20 ಇದ್ದರೆ, ಒಳ್ಳೆಯ ಪ್ಯಾಡಿನ ಕೂಲರ್‌ನಿಂದ ಬರುವ ಗಾಳಿ 28-30 ಡಿಗ್ರಿ ಇರುತ್ತದೆ. ಅದೇ ಕೂಲರನ್ನು ಮಂಗಳೂರಿಗೆ ಒಯ್ದು 34 ಡಿಗ್ರಿ, ಶೇ 65 ತೇವಾಂಶದಲ್ಲಿ ಹಚ್ಚಿದರೆ ನಾಲ್ಕು ಡಿಗ್ರಿ ಇಳಿಸಿ, ಕೋಣೆಯನ್ನೆಲ್ಲ ಜಿಗಿಜಿಗಿ ಮಾಡುತ್ತದೆ. ಕರಾವಳಿಯವರು ಕೂಲರ್ ಕೊಳ್ಳುವುದು ದುಡ್ಡು ದಂಡ. ಅವರಿಗೆ ಫ್ಯಾನು, ಅದು ಸಾಲದಿದ್ದರೆ ನೇರ ಎಸಿ. ಬೆಂಗಳೂರಿನವರಿಗೆ, 2016ರ ಏಪ್ರಿಲ್‌ನಲ್ಲಿ ಅಲ್ಲಿಯೂ 39.2 ಡಿಗ್ರಿ ಮುಟ್ಟಿತ್ತು ನಿಜ, ಆದರೂ ರಾತ್ರಿ ಗಾಳಿ ತಣಿಯುವುದರಿಂದ ಬಿಳಿ ಮಾಳಿಗೆ ಮತ್ತು ಫ್ಯಾನು ಹೆಚ್ಚಿನ ಮನೆಗಳಿಗೆ ಸಾಕು.

ಕೂಲರ್ ಬಗ್ಗೆ ದೂರುವವರಲ್ಲಿ ಬಹಳ ಜನ ಅದನ್ನು ಇಡುವ ಜಾಗದಲ್ಲೇ ತಪ್ಪಿರುತ್ತಾರೆ. ನಾವೂ ಮೊದಲ ವರ್ಷ ಪಡಸಾಲೆಯೊಳಗೆ ಇಟ್ಟು, ತಂಪು ಹೊರಗೆ ಹೋದೀತೆಂದು ಬಾಗಿಲು ಕಿಟಕಿ ಹಾಕಿಕೊಂಡಿದ್ದೆವು. ಗಂಟೆಯೊಳಗೆ ಉಸಿರು ಕಟ್ಟಿದ ಹಾಗಾಯಿತು. ಕೂಲರ್ ಕಿಟಕಿಯ ಹೊರಮಗ್ಗುಲಲ್ಲಿ ನಿಂತು ಹೊರಗಿನ ಒಣ ಗಾಳಿಯನ್ನು ಎಳೆಯಬೇಕು, ಎದುರಿನ ಕಿಟಕಿಯೋ ಬಾಗಿಲೋ ಅರ್ಧ ತೆರೆದಿರಬೇಕು. ಒದ್ದೆ ಗಾಳಿ ಹೊರಹೋಗುವ ದಾರಿ ಇಲ್ಲದ ಕೋಣೆಗೆ ಕೂಲರ್ ಬೇಡ.

ಇನ್ನೊಂದು ತಪ್ಪು ತಿಳಿವಳಿಕೆ ಮಂಜುಗಡ್ಡೆಯದು. ತಂಪು ಬರುವುದು ನೀರು ಆವಿಯಾಗುವುದರಿಂದ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖಕ್ಕಿಂತ ಒಂದು ಲೀಟರ್ ನೀರು ಆವಿಯಾಗುವಾಗ ಹೀರುವ ಶಾಖ ಏಳು ಪಟ್ಟು ಹೆಚ್ಚು. ಐಸಿನ ದುಡ್ಡು ಉಳಿಸಿ, ಅದರಲ್ಲಿ ಹೊಸ ಪ್ಯಾಡು ಹಾಕಿಸಿ. ಹುಲ್ಲಿನ ಪ್ಯಾಡು ಅಗ್ಗ, ಆದರೆ ವರ್ಷಕ್ಕೊಮ್ಮೆ ಬದಲಿಸಬೇಕು. ಜೇನುಗೂಡಿನಂಥ ಕಾಗದದ ಪ್ಯಾಡು ಮೂರು ವರ್ಷ ಬರುತ್ತದೆ, ಆದರೆ ಬೋರಿನ ಗಡಸು ನೀರು ಹಾಕಿದರೆ ಬಿಳಿ ಉಪ್ಪು ಕಟ್ಟಿ ಗಟ್ಟಿಯಾಗುತ್ತದೆ.

ಬೆಲೆ ಹೇಳುವುದಾದರೆ ಇಲ್ಲಿಯೇ ಮಾಡುವ ತಗಡಿನ ಕೂಲರ್ ನಾಲ್ಕೈದು ಸಾವಿರದಿಂದ, ಕಂಪನಿಯ ದೊಡ್ಡ ಕೂಲರ್ ಎಂಟರಿಂದ ಹದಿನೈದು ಸಾವಿರ. ತಗಡಿನದು ಗಾಳಿ ಜೋರಾಗಿ ಕೊಡುತ್ತದೆ. ಆದರೆ ನೀರು, ತಗಡು, ಕರೆಂಟು ಮೂರೂ ಒಂದೇ ಕಡೆ ಇರುವ ವಸ್ತು ಅದು. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಅದನ್ನು ಇಡಲೇಬೇಡಿ. ಮೂರು ಪಿನ್ನಿನ ಪ್ಲಗ್ ಇರಲಿ, ನೀರು ತುಂಬುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತಿಡಿ. ಸಣ್ಣ ಮಕ್ಕಳಿದ್ದ ಮನೆಗೆ ಪ್ಲಾಸ್ಟಿಕ್ ಮೈಯ ಕೂಲರೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇದರ ನಿಜವಾದ ಬೆಲೆ ನೀರಿನಲ್ಲಿದೆ. ಒಣ ಮಧ್ಯಾಹ್ನದಲ್ಲಿ ದೊಡ್ಡ ಕೂಲರ್ ಗಂಟೆಗೆ 8ರಿಂದ 12 ಲೀಟರ್ ಕುಡಿಯುತ್ತದೆ. ಹತ್ತು ಗಂಟೆ ಓಡಿದರೆ 100 ಲೀಟರ್, ಅಂದರೆ ಐದಾರು ಕೊಡ. ನಳ ದಿನಾ ಬಾರದ ಓಣಿಯಲ್ಲಿ, ಆ ಕೊಡಗಳನ್ನು ಹೊರುವವರು ಯಾರು ಎಂದು ಕೇಳಿಕೊಳ್ಳಿ. ಬಹಳ ಮನೆಗಳಲ್ಲಿ ಅದು ಹೆಂಗಸರ ಬೆನ್ನಿಗೇ ಬೀಳುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರಾ ಖಾಲಿ ಮಾಡಿ ಉಜ್ಜಿ ಒಣಗಿಸಬೇಕು, ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ನೀವೇ ಮನೆ ಮಾಡಿಕೊಟ್ಟ ಹಾಗೆ.

ಕೂಲರ್ ತಿನ್ನುವುದು 200 ವ್ಯಾಟ್ ಆಸುಪಾಸು. ಮನೆಯ ಇನ್ವರ್ಟರಿಗೆ 150 ಎಎಚ್ ಬ್ಯಾಟರಿ ಒಂದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಐದಾರು ಗಂಟೆ ನಡೆಯುತ್ತದೆ. ಅಡ್ಡಮಳೆ ಬಿದ್ದ ಮರುದಿನ, ಜೂನ್ ಬಂದು ಗಾಳಿ ತೇವವಾದ ಮೇಲೆ ಕೂಲರ್ ಕೈಕೊಡುತ್ತದೆ. ಆಗ ನೀರಿನ ಪಂಪು ಆರಿಸಿ ಬರೀ ಗಾಳಿ ತೊಗೊಳ್ಳಿ.

ಎಸಿ

ಗಾಳಿ ಒಣಗಿರಲಿ, ತೇವವಿರಲಿ, ಹೊರಗೆ 44 ಇರಲಿ, ಕೋಣೆಯನ್ನು ಇಷ್ಟೇ ಡಿಗ್ರಿಗೆ ತರುತ್ತೇನೆ ಎಂದು ಭರವಸೆ ಕೊಡುವುದು ಎಸಿ ಒಂದೇ. ಹಾಸಿಗೆ ಹಿಡಿದವರಿಗೆ, ಹೃದಯ ಕಿಡ್ನಿ ತೊಂದರೆ ಇದ್ದವರಿಗೆ, ಗಾಳಿಯೇ ಆಡದ ಕೋಣೆಗೆ ಇದರ ಬದಲಿಲ್ಲ. ಅಂಥ ಮನೆಯಲ್ಲಿ ಎಸಿಯನ್ನು ಐಷಾರಾಮ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಆದರೆ ಕೊಳ್ಳುವ ಮೊದಲು ಎರಡು ವಿಷಯ ಗೊತ್ತಿರಲಿ. ಒಂದು, "ಇನ್ವರ್ಟರ್ ಎಸಿ" ಎಂದರೆ ಮನೆಯ ಇನ್ವರ್ಟರ್ ಮೇಲೆ ನಡೆಯುವ ಎಸಿ ಅಲ್ಲ. ಬೇಕಾದಷ್ಟೇ ವೇಗದಲ್ಲಿ ತಿರುಗಿ ಕರೆಂಟು ಉಳಿಸುವ ಕಂಪ್ರೆಸರ್ ಅದರಲ್ಲಿದೆ ಎಂದಷ್ಟೇ ಅರ್ಥ. ನಮ್ಮ ಮನೆಗಳ ಒಂದು ಬ್ಯಾಟರಿಯ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ಮಧ್ಯಾಹ್ನ ಎರಡು ತಾಸು ಕರೆಂಟು ಹೋಗುವ ಊರಿನಲ್ಲಿ ಎಸಿಯನ್ನೇ ನಂಬಿ ಕಿಟಕಿಗಳನ್ನೆಲ್ಲ ಬಿಗಿಸಿ ಮುಚ್ಚಿಸಿದರೆ ಆ ಎರಡು ತಾಸು ಕೋಣೆ ಒಲೆಯಾಗುತ್ತದೆ.

ಎರಡು, ಗೃಹಜ್ಯೋತಿಯ ಲೆಕ್ಕ. 200 ಯೂನಿಟ್‌ವರೆಗೆ ಉಚಿತ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹೆಚ್ಚಿನ ಮನೆಗಳಿಗೆ ಸಿಗುವುದು 2022-23ರ ತಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಮಾತ್ರ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ದುಡ್ಡು ಕಟ್ಟಬೇಕು. ಬಳಕೆ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಸರಾಸರಿ 90 ಯೂನಿಟ್ ಇರುವ ಮನೆ ನೋಡೋಣ, ಉಚಿತ 99. ಕೂಲರ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 72 ಯೂನಿಟ್ ಸೇರಿ 162, ಕಟ್ಟಬೇಕಾದ್ದು 63 ಯೂನಿಟ್‌ಗೆ. ಯೂನಿಟ್‌ಗೆ 6 ರೂಪಾಯಿ ಆಸುಪಾಸು ಹಿಡಿದರೆ 380 ರೂಪಾಯಿ. ಒಂದು ಟನ್ನಿನ (ಟನ್ ಎಂದರೆ ಎಸಿಯ ತಂಪಿನ ಸಾಮರ್ಥ್ಯದ ಅಳತೆ, ತೂಕವಲ್ಲ) ಎಸಿ ದಿನಕ್ಕೆ 8 ಗಂಟೆ, ಗಂಟೆಗೆ 0.8 ಯೂನಿಟ್ ಹಿಡಿದರೂ 190 ಯೂನಿಟ್ ಸೇರಿ 280 ಆಗುತ್ತದೆ. ಈಗ ಪೂರ್ತಿ 280ಕ್ಕೂ ಕಟ್ಟಬೇಕು, ಸುಮಾರು 1,700 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ ಮತ್ತು ತೆರಿಗೆ. ಎಸಿ ಬೇಡವೆನ್ನಲು ಇದನ್ನು ಹೇಳುತ್ತಿಲ್ಲ. ಬಿಲ್ಲಿಗೆ ಹೆದರಿ, ಇದ್ದ ಎಸಿಯನ್ನೂ ಹಚ್ಚದೆ ಮುದುಕರನ್ನು ಸೆಖೆಯಲ್ಲಿ ಮಲಗಿಸುವ ಮನೆಗಳನ್ನು ಕಂಡಿದ್ದೇನೆ. ಮೊದಲೇ ಲೆಕ್ಕ ಗೊತ್ತಿದ್ದರೆ ಆ ಹೆದರಿಕೆ ಇರುವುದಿಲ್ಲ.

ಬಿಲ್ಲು ಇಳಿಸುವ ದಾರಿಯೂ ಇದೆ. 2020ರಿಂದ ಹೊಸ ಎಸಿಗಳು ಚಾಲೂ ಮಾಡಿದ ಕೂಡಲೇ 24 ಡಿಗ್ರಿಗೆ ನಿಲ್ಲುವಂತೆ ಬರುತ್ತಿವೆ. ಅದನ್ನು 18ಕ್ಕೆ ಇಳಿಸಬೇಡಿ, 27ರಲ್ಲಿಟ್ಟು ಜೊತೆಗೆ ಫ್ಯಾನು ನಿಧಾನಕ್ಕೆ ಬಿಡಿ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ. ಡಬ್ಬದ ಮೇಲೆ ಬರೆದ ತಂಪಿನ ಸಾಮರ್ಥ್ಯ ಹೊರಗೆ 35 ಡಿಗ್ರಿ ಇದ್ದಾಗಿನದು. 43ರಲ್ಲಿ ಅದು ಕುಗ್ಗುತ್ತದೆ. ಮೇಲಂತಸ್ತಿನ ಕೋಣೆಗೆ ಅಂಗಡಿಯವರು ಒಂದೂವರೆ ಟನ್ ಬೇಕೇ ಬೇಕು ಎನ್ನುವುದು ಇದಕ್ಕೇ. ಮಾಳಿಗೆಗೆ ಬಿಳಿ ಬಳಿದು, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿದ ಸಣ್ಣ ಕೋಣೆಗೆ ಒಂದು ಟನ್ ಸಾಲುವ ಸಾಧ್ಯತೆ ಹೆಚ್ಚು. ಸಾವಿರ ರೂಪಾಯಿಯ ಸುಣ್ಣ ಎಸಿಯ ಬೆಲೆಯಲ್ಲೂ ಬಿಲ್ಲಿನಲ್ಲೂ ವಾಪಸು ಬರುತ್ತದೆ.

ದುಡ್ಡಿಲ್ಲದ ಉಪಾಯಗಳು ಇವೆಲ್ಲದರ ಜೊತೆಗೂ ಬೇಕು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾದ ಕೂಡಲೇ ಕಿಟಕಿ ಮುಚ್ಚಿ, ರಾತ್ರಿ ತಣಿದ ಮೇಲೆ ಎಲ್ಲ ತೆರೆಯಿರಿ. ಕೂಲರ್ ಹಚ್ಚಿದಾಗ ಮಾತ್ರ ಇದಕ್ಕೆ ವಿನಾಯಿತಿ. ಲಾವಂಚದ ಪರದೆಗೆ ನೀರು ಚಿಮುಕಿಸಿದರೆ ಅದೂ ಸಣ್ಣ ಕೂಲರೇ. ಮಾಳಿಗೆ ಮೇಲೆ ಮಲಗುವ ರೂಢಿ ಒಳ್ಳೆಯದು, ಅಡ್ಡಗೋಡೆ ಇದ್ದರೆ ಮತ್ತು ಸೊಳ್ಳೆ ಪರದೆ ಕಟ್ಟಿಕೊಂಡರೆ. ರಂಜಣಗಿಯ (ಮಣ್ಣಿನ ಗಡಿಗೆಯ) ನೀರು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ನೀರಡಿಕೆ ಆಗುವ ಮುಂಚೆಯೇ ಹೊಟ್ಟೆಗೆ ಹೋಗುತ್ತಿರಲಿ. ವಾಂತಿ ಭೇದಿ ಆದರೆ ಓಆರ್‌ಎಸ್, ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಯಾವ ಯಂತ್ರವಿದ್ದರೂ ಒಂದು ಗುರುತು ಮನೆಯವರೆಲ್ಲರಿಗೂ ಗೊತ್ತಿರಬೇಕು. ಬಿಸಿಲಿನಲ್ಲಿ ಮೈ ಕೆಂಡವಾಗಿ ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ, ಎಚ್ಚರ ತಪ್ಪಿದರೆ ಅದು ಸುಸ್ತಲ್ಲ, ಬಿಸಿಲಾಘಾತ. 108ಕ್ಕೆ ಫೋನು ಮಾಡಿ. ಅಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಇರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಯಾರ ಮನೆಗೆ ಏನು

ಸೇಡಂನ ಮನೆಗೆ ನಾನು ಎಸಿ ಬೇಡ ಎಂದೆ. ಪತ್ರಾಸಿನ ಸಂದುಗಳಿಂದ ತಂಪೆಲ್ಲ ಸೋರಿಹೋಗುತ್ತದೆ. ತಗಡಿಗೆ ಬಿಳಿ ಬಣ್ಣ, ಕೆಳಗೆ ತಟ್ಟಿ, ಉಳಿದ ದುಡ್ಡಿಗೆ ಪ್ಲಾಸ್ಟಿಕ್ ಮೈಯ ಒಂದು ಕೂಲರ್. ಅವನಿಗೆ ಮನೆಯ ಹಿಂದೆ ಬಾವಿ ಇದೆ, ನೀರಿನ ಚಿಂತೆ ಇಲ್ಲ. ಹನ್ನೆರಡು ಸಾವಿರದೊಳಗೆ ಮುಗಿಯಿತು. ಬಾವಿ ಇಲ್ಲದಿದ್ದರೆ ಕೂಲರ್ ಬದಲು ಎರಡು ಬಿಎಲ್‌ಡಿಸಿ ಫ್ಯಾನು, ಮಧ್ಯಾಹ್ನ ಬೇವಿನ ಮರದ ನೆರಳು ಎಂದೇ ಹೇಳುತ್ತಿದ್ದೆ.

ಗೆಳತಿಯದು ಬಾಡಿಗೆ ಮನೆ, ಒಂದೂವರೆಗೆ ಕಚೇರಿ ಬಿಟ್ಟು ಎರಡಕ್ಕೆ ಮನೆಗೆ ಬರುತ್ತಾಳೆ, ಮೇಲೆ ಬರೀ ಸ್ಲ್ಯಾಬು. ಮನೆಯ ಮಾಲೀಕರನ್ನು ಕೇಳಿ ತಾನೇ ಸುಣ್ಣ ಬಳಿಸಿಕೊಂಡಳು. ತನ್ನದಲ್ಲದ ಮಾಳಿಗೆಗೆ ಪೇಂಟಿನ ದುಡ್ಡು ಹಾಕುವುದು ಬೇಡ ಎಂದು ನಾನೇ ತಡೆದೆ. ಕೂಲರ್, ಬಿಎಲ್‌ಡಿಸಿ ಫ್ಯಾನು ಎರಡೂ ಮನೆ ಬದಲಿಸುವಾಗ ಜೊತೆಗೆ ಹೋಗುತ್ತವೆ. ಎಸಿ ಬಿಚ್ಚಿ ಕಟ್ಟಲಿಕ್ಕೆ ಪ್ರತಿ ಸಲವೂ ಸಾವಿರಾರು ರೂಪಾಯಿ.

ಚಿಗವ್ವನ ಮನೆಗೆ ಮಾತ್ರ ಎಸಿ ಎಂದೆ, ಅದೂ ಅವರು ಮಲಗುವ ಒಂದೇ ಕೋಣೆಗೆ, ಮಾಳಿಗೆಗೆ ಸುಣ್ಣ ಆದ ಮೇಲೆ. ಕರೆಂಟು ಹೋದ ಹೊತ್ತಿಗೆಂದು ಅದೇ ಕೋಣೆಯ ಕಿಟಕಿಗೆ ಹಳೆಯ ಕೂಲರನ್ನೂ ಇನ್ವರ್ಟರ್ ಮೇಲೆ ಇಟ್ಟುಕೊಂಡಿರಲು ಹೇಳಿದೆ. ಮಗಳು ಇನ್ನೂ ಅನುಮಾನಿಸುತ್ತಿದ್ದಳು, ಅವ್ವ ಸೆಖೆ ಎಂದು ಒಮ್ಮೆಯೂ ಅಂದಿಲ್ಲ ಎಂದಳು. ಇನ್ನೂರು ರೂಪಾಯಿಯ ಒಂದು ಥರ್ಮಾಮೀಟರ್ ತಂದು ಅವರ ಮಂಚದ ತಲೆದಿಂಬಿನ ಬದಿಗೆ ತೂಗುಹಾಕು, ಮಧ್ಯಾಹ್ನ ನಾಲ್ಕಕ್ಕೂ ರಾತ್ರಿ ಹತ್ತಕ್ಕೂ ನೋಡಿ ಬರೆದಿಡು ಎಂದೆ. ಮೂರನೆಯ ದಿನ ಅವಳೇ ಫೋನು ಮಾಡಿದಳು. ಹೊರಗೆ ತಂಗಾಳಿ ಬೀಸುತ್ತಿದ್ದ ರಾತ್ರಿ ಹತ್ತಕ್ಕೂ ಆ ತಲೆದಿಂಬಿನ ಹತ್ತಿರ 37 ಇತ್ತಂತೆ. "ಅಕ್ಕಾ, ಅವ್ವ ಇಷ್ಟು ದಿನ ಇದರಾಗ ಮಲಗ್ಯಾಳ," ಎಂದಳು, ಮರುದಿನವೇ ಸುಣ್ಣದವನನ್ನು ಕರೆಸಿದಳು.